ಅಪರೂಪದ ಹಕ್ಕಿಯೋ, ಅಪರೂಪಕ್ಕೆ ಕಂಡ ಹಕ್ಕಿಯೋ?

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು "ಇಂಥ ಹಕ್ಕಿಯನ್ನು ನಮ್ಮ ಕಡೆ ಈ ಮೊದಲು ಯಾರೂ ಕಂಡಿಲ್ಲ" ಎಂಬ ಮಾತಿನಿಂದಲೇ ಮೊದಲಾಗುತ್ತವೆ. ಅವುಗಳಲ್ಲಿ ಕೆಲವು ನಿಜಕ್ಕೂ ಅಪರೂಪದವು. ಹಲವು ಊರಿನಲ್ಲಿ ಸದಾ ಇದ್ದು, ನಾವೇ ಅಪರೂಪಕ್ಕೊಮ್ಮೆ ತಲೆಯೆತ್ತಿ ನೋಡಿದ್ದರಿಂದ ಹಾಗೆನಿಸಿದವು. ಎರಡೂ ಬಗೆಯ ಪತ್ರಗಳಿಗೆ ಇಲ್ಲಿ ಒಂದೇ ಸ್ವಾಗತವಿದೆ. ಹಕ್ಕಿಯನ್ನು ಗುರುತಿಸುವುದು ಮತ್ತು ಗುರುತಿಸಿದ್ದನ್ನು ಊರಿನ ಇತರ ಹಕ್ಕಿ ನೋಡುಗರಿಗೆ ತಿಳಿಸುವುದು, ಈ ಎರಡಕ್ಕೆ ಸಂಬಂಧಿಸಿದ ಪ್ರಶ್ನೆಗಳನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ನಮ್ಮ ಶಾಲೆಯ ಹಿಂದಿನ ಕೆರೆಯ ಏರಿಯ ಮೇಲಿರುವ ಜಾಲಿಮರದಲ್ಲಿ, ಸಂಜೆ ಹೊತ್ತು, ಮೈತುಂಬ ಕಂದು ಗೀರುಗಳಿರುವ ದಪ್ಪನೆಯ ಹಕ್ಕಿಯೊಂದು ಕತ್ತೇ ಇಲ್ಲವೇನೋ ಎಂಬಂತೆ ಮುದುಡಿ ಕುಳಿತಿತ್ತು. ಮಕ್ಕಳು ಗೂಬೆ ಎಂದರು. ಹಕ್ಕಿ ನೋಡುವ ನಮ್ಮ ತಾಲ್ಲೂಕಿನ ಬಳಗದ ಹಿರಿಯರೊಬ್ಬರು ಮೊಬೈಲ್ ಚಿತ್ರ ನೋಡಿ, ಇದು ಬಿಟರ್ನ್, ಜಿಲ್ಲೆಗೇ ಮೊದಲನೆಯದು ಎಂದು ಎಲ್ಲರಿಗೂ ತಿಳಿಸಿಬಿಟ್ಟರು. ಮತ್ತೊಬ್ಬರು ಒಪ್ಪುತ್ತಿಲ್ಲ. ಚಿತ್ರ ಕಳುಹಿಸಿದ್ದೇನೆ. ಯಾವುದು ಸರಿ?
– ಪ್ರೌಢಶಾಲಾ ಶಿಕ್ಷಕಿ, ಹಿರೇಕೆರೂರು

ಉತ್ತರ: ಚಿತ್ರದಲ್ಲಿರುವುದು ಇರುಳು ಬಕದ ಎಳೆಯ ಹಕ್ಕಿ. ಕತ್ತಲಾಗುತ್ತಿದ್ದಂತೆ ತಲೆಯ ಮೇಲೆ 'ಕ್ವಾಕ್' ಎಂದು ಒಂದೊಂದೇ ಕೂಗು ಹಾಕುತ್ತ ಕೆರೆಯ ಕಡೆಗೆ ಹಾರಿಹೋಗುವ ಹಕ್ಕಿ ಅದೇ. ಬೆಳೆದ ಇರುಳು ಬಕಕ್ಕೆ ಕರಿಯ ನೆತ್ತಿ, ಕರಿಯ ಬೆನ್ನು, ಬೂದು ರೆಕ್ಕೆ ಮತ್ತು ಕೆಂಪು ಕಣ್ಣುಗಳಿರುತ್ತವೆ. ಮರಿಗೆ ಇವು ಯಾವುವೂ ಇರುವುದಿಲ್ಲ. ಅದು ಆ ಬಣ್ಣಕ್ಕೆ ಬರಲು ಎರಡು ಮೂರು ವರ್ಷ ಹಿಡಿಯುವುದರಿಂದ, ತಾಯಿ ತಂದೆಯರ ಪಕ್ಕದಲ್ಲಿ ಕುಳಿತಿದ್ದರೂ ಬೇರೆಯೇ ಜಾತಿಯ ಹಕ್ಕಿಯಂತೆ ಕಾಣುತ್ತದೆ. ನೀವು ಕಳುಹಿಸಿದ ಚಿತ್ರವನ್ನು ಸ್ವಲ್ಪ ಹಿಗ್ಗಿಸಿ ರೆಕ್ಕೆಯ ಮೇಲೆ ನೋಡಿ: ಕಂದು ಗರಿಗಳ ತುದಿತುದಿಯಲ್ಲಿ ಅಕ್ಕಿಕಾಳು ಅಂಟಿಸಿದಂತೆ ಬಿಳಿಯ ಚುಕ್ಕೆಗಳಿವೆ. ಬಿಟರ್ನ್ ಹಕ್ಕಿಯ ರೆಕ್ಕೆಯಲ್ಲಿ ಈ ಚುಕ್ಕೆಗಳಿರುವುದಿಲ್ಲ. ಅದರ ಮೈ ಒಣಗಿದ ಜೊಂಡಿನ ಹೊನ್ನುಗಂದು ಬಣ್ಣದ್ದು, ನೆತ್ತಿ ಕಪ್ಪು, ಕೊಕ್ಕಿನ ಬುಡದಿಂದ ಕೆಳಕ್ಕಿಳಿಯುವ ಕರಿಯ ಮೀಸೆಯಂಥ ಗುರುತೂ ಉಂಟು. ಇರುವ ಜಾಗವೂ ಬೇರೆ. ಬಿಟರ್ನ್ ಚಳಿಗಾಲಕ್ಕೆ ಬಂದು ಜೊಂಡಿನೊಳಗೆ ಅಡಗಿರುವ ಹಕ್ಕಿ. ಗಾಬರಿಯಾದರೆ ಕೊಕ್ಕನ್ನು ಆಕಾಶಕ್ಕೆತ್ತಿ ಜೊಂಡಿನ ದಂಟುಗಳ ನಡುವೆ ತಾನೂ ಒಂದು ದಂಟಾಗಿ ನಿಂತುಬಿಡುತ್ತದೆ. ಜಾಲಿಮರದ ಬಯಲು ಕೊಂಬೆಯ ಮೇಲೆ ನಿಮಗಾಗಿ ಕುಳಿತಿರುವುದು ಅದರ ಸ್ವಭಾವವಲ್ಲ.

ಇಲ್ಲಿ ಹಿರಿಯರು ಮಾಡಿದ ತಪ್ಪು ಹಕ್ಕಿಯ ಹೆಸರಿಗಿಂತ ಅದನ್ನು ಹುಡುಕಿದ ಕ್ರಮದಲ್ಲಿದೆ ಎಂದು ನನಗೆ ತೋರುತ್ತದೆ. ಪುಸ್ತಕ ತೆರೆದು ಚಿತ್ರಕ್ಕೆ ಹೋಲುವ ಹಕ್ಕಿಯನ್ನು ಹುಡುಕಿದರೆ ಅಪರೂಪದ ಹಕ್ಕಿಗಳೇ ಮೊದಲು ಕಣ್ಣಿಗೆ ಬೀಳುತ್ತವೆ, ಏಕೆಂದರೆ ಪುಸ್ತಕದಲ್ಲಿ ಅಪರೂಪದ್ದಕ್ಕೂ ಸಾಮಾನ್ಯವಾದದ್ದಕ್ಕೂ ಒಂದೇ ಅಳತೆಯ ಚಿತ್ರವಿರುತ್ತದೆ. ಅದರ ಬದಲು, ಈ ಕೆರೆಯಲ್ಲಿ ದಿನವೂ ಇರುವ ಹಕ್ಕಿಗಳ ಮರಿ, ಹೆಣ್ಣು, ಗರಿ ಉದುರಿಸುತ್ತಿರುವ ಹಕ್ಕಿ ಇವುಗಳಲ್ಲಿ ಯಾವುದಾದರೂ ಇದಾಗಿರಬಹುದೇ ಎಂದು ಮೊದಲು ಕೇಳಿಕೊಳ್ಳಬೇಕು. ಮೈತುಂಬ ಚುಕ್ಕೆಯಿರುವ ಹೆಣ್ಣು ಕೋಗಿಲೆಯನ್ನು 'ಹೊಸ ಜಾತಿ' ಎಂದು ಬರೆದು ಕಳುಹಿಸುವವರು ವರ್ಷಕ್ಕೆ ಹತ್ತು ಮಂದಿಗೆ ಕಡಿಮೆಯಿಲ್ಲ.

ನಿಮ್ಮ ಮಕ್ಕಳಿಗೆ ಒಂದು ಅಭ್ಯಾಸ ಮಾಡಿಸಿ. ಹಕ್ಕಿ ಕಣ್ಣೆದುರು ಇರುವಾಗಲೇ, ಪುಸ್ತಕವನ್ನಾಗಲಿ ಮೊಬೈಲನ್ನಾಗಲಿ ಮುಟ್ಟದೆ, ಕಂಡದ್ದನ್ನು ಬರೆಯಲಿ. ಗಾತ್ರವನ್ನು ಸೆಂಟಿಮೀಟರ್‌ಗಳಲ್ಲಿ ಊಹಿಸುವ ಬದಲು ಗುಬ್ಬಿ, ಗೊರವಂಕ, ಕಾಗೆ, ಹದ್ದು ಇವುಗಳಲ್ಲಿ ಯಾವುದಕ್ಕೆ ಸಮ ಎಂದು ಬರೆಯಲಿ. ಕೊಕ್ಕು ಮೂಗುತಿಯಷ್ಟು ಚಿಕ್ಕದೋ ದಬ್ಬಳದಷ್ಟು ಉದ್ದವೋ, ಕಾಲಿನ ಬಣ್ಣವೇನು, ಕುಳಿತಾಗ ಬಾಲ ಕುಣಿಸುತ್ತಿತ್ತೋ ಸುಮ್ಮನಿತ್ತೋ, ನೆಲದ ಮೇಲೆ ನಡೆಯಿತೋ ಕುಪ್ಪಳಿಸಿತೋ ಎಂಬ ವಿವರಗಳು ಬಣ್ಣಕ್ಕಿಂತ ಹೆಚ್ಚು ನಂಬಿಕೆಗೆ ಅರ್ಹ. ಸಂಜೆಯ ಬೆಳಕು ಬಣ್ಣವನ್ನು ಬದಲಿಸುತ್ತದೆ, ಕೊಕ್ಕಿನ ಉದ್ದವನ್ನು ಬದಲಿಸುವುದಿಲ್ಲ. ಮರೆತದ್ದನ್ನು ಮರೆತದ್ದೆಂದೇ ಬರೆಯಲಿ. ಪುಸ್ತಕ ನೋಡಿದ ಮೇಲೆ ತುಂಬಿಸಿದ ನೆನಪು ನೋಡಿದವನದಲ್ಲ, ಪುಸ್ತಕದ್ದು.

ಇನ್ನು, ಎಲ್ಲರಿಗೂ ಹಂಚಿಹೋದ ಸುದ್ದಿಯನ್ನು ಹಿಂದಕ್ಕೆ ಪಡೆಯುವುದು ಹೇಗೆ? ಸುದ್ದಿ ಎಲ್ಲಿ ಹೇಳಲ್ಪಟ್ಟಿತೋ ಅಲ್ಲಿಯೇ, ಹೇಳಿದವರೇ ತಿದ್ದಿಕೊಳ್ಳುವುದು ಒಳ್ಳೆಯದು. ಈ ಉತ್ತರವನ್ನು ಬಳಗದ ಮುಂದೆ ಹಿಡಿಯುವ ಬದಲು ಅವರೊಬ್ಬರಿಗೇ ತೋರಿಸಿ ನೋಡಿ.

ಪ್ರಶ್ನೆ: ಕಳೆದ ಅಕ್ಟೋಬರ್‌ನಲ್ಲಿ ನಮ್ಮ ಅಪಾರ್ಟ್‌ಮೆಂಟಿನ ನಾಲ್ಕನೆಯ ಮಹಡಿಯ ಬಾಲ್ಕನಿಯಲ್ಲಿ, ಬೆಳಗಿನ ಆರು ಗಂಟೆಗೆ, ಬಾಲವೇ ಇಲ್ಲದ ಬಣ್ಣಬಣ್ಣದ ಹಕ್ಕಿಯೊಂದು ಕಣ್ಣು ಮುಚ್ಚಿ ಕುಳಿತಿತ್ತು. ಹಸಿರು ಬೆನ್ನು, ಕೆಂಪು ಹೊಟ್ಟೆಯಡಿ, ಕಣ್ಣಿಗೆ ಕಪ್ಪು ಪಟ್ಟಿ. ಯಾರೋ ಸಾಕಿದ ವಿದೇಶೀ ಹಕ್ಕಿ ತಪ್ಪಿಸಿಕೊಂಡು ಬಂದಿರಬೇಕೆಂದು ಕಾವಲುಗಾರರು ಹೇಳಿದರು. ಮಧ್ಯಾಹ್ನದ ಹೊತ್ತಿಗೆ ಹಾರಿಹೋಯಿತು. ಇದು ವರದಿ ಮಾಡುವಂಥ ಅಪರೂಪವೇ?
– ಗೃಹಿಣಿ, ಬೆಂಗಳೂರು

ಉತ್ತರ: ಅದು ನವರಂಗ. ಸಾಕಿದ್ದೂ ಅಲ್ಲ, ವಿದೇಶದ್ದೂ ಅಲ್ಲ. ಮಳೆಗಾಲದಲ್ಲಿ ಹಿಮಾಲಯದ ತಪ್ಪಲು ಮತ್ತು ಮಧ್ಯಭಾರತದ ಕಾಡುಗಳಲ್ಲಿ ಗೂಡು ಕಟ್ಟಿ, ಚಳಿಗಾಲಕ್ಕೆ ದಕ್ಷಿಣ ಭಾರತ ಮತ್ತು ಶ್ರೀಲಂಕಾಗಳಿಗೆ ಬರುವ ಹಕ್ಕಿ ಅದು. ಹಗಲೆಲ್ಲ ನೆಲದ ಮೇಲೆ ತರಗೆಲೆ ಕೆದಕಿ ಹುಳು ತಿನ್ನುವ ಈ ಹಕ್ಕಿ ವಲಸೆ ಹೋಗುವುದು ಮಾತ್ರ ರಾತ್ರಿಯಲ್ಲಿ. ರಾತ್ರಿ ಹಾರುವ ಹಕ್ಕಿಗಳನ್ನು ನಗರದ ದೀಪಗಳು ದಾರಿ ತಪ್ಪಿಸುತ್ತವೆ, ಗಾಜಿನ ಗೋಡೆಗಳು ಕೆಡವುತ್ತವೆ. ಅದಕ್ಕಾಗಿಯೇ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಬಾಲ್ಕನಿ, ಕಾರ್ ಪಾರ್ಕಿಂಗ್, ಕಚೇರಿಯ ಮೆಟ್ಟಿಲುಗಳಲ್ಲಿ ದಣಿದ ನವರಂಗಗಳು ಸಿಗುತ್ತವೆ. ಮುಂದೆ ಸಿಕ್ಕಾಗ ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ, ಸದ್ದಿಲ್ಲದ ಕತ್ತಲ ಕೋಣೆಯಲ್ಲಿ ಕೆಲವು ಗಂಟೆ ಇಡಿ. ಬಾಯಿಗೆ ನೀರು ಹುಯ್ಯಬೇಡಿ, ಅದು ಶ್ವಾಸನಾಳಕ್ಕೆ ಹೋಗುತ್ತದೆ. ಚೇತರಿಸಿಕೊಂಡರೆ ಹತ್ತಿರದ ಮರಗಿಡಗಳಿರುವ ತೋಟದಲ್ಲಿ ಬಿಡಿ. ರೆಕ್ಕೆ ಜೋತುಬಿದ್ದಿದ್ದರೆ ವನ್ಯಜೀವಿ ಚಿಕಿತ್ಸೆ ಬಲ್ಲವರಿಗೆ ಒಪ್ಪಿಸಿ.

ಅಪರೂಪವೇ ಎಂಬ ನಿಮ್ಮ ಪ್ರಶ್ನೆಗೆ ಉತ್ತರ ಹಕ್ಕಿಯಲ್ಲಿಲ್ಲ, ಪಂಚಾಂಗದಲ್ಲಿದೆ. ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲಿ ಕಂಡ ನವರಂಗ ಸಂತೋಷದ ವಿಷಯವೇ ಹೊರತು ಆಶ್ಚರ್ಯದ್ದಲ್ಲ. ಅದೇ ಬಾಲ್ಕನಿಯಲ್ಲಿ ಜೂನ್ ಕೊನೆಗೆ ಕಂಡಿದ್ದರೆ ನಾನು ನಿಮಗೆ ಪತ್ರ ಬರೆಯುವ ಬದಲು ಫೋನ್ ಮಾಡುತ್ತಿದ್ದೆ. ಆದರೂ ತಾರೀಖು, ಹೊತ್ತು, ಮಹಡಿ ಎಲ್ಲವನ್ನೂ ಬರೆದಿಡಿ. ಯಾವ ವರ್ಷ ಯಾವ ವಾರ ಅವು ನಗರಕ್ಕೆ ಇಳಿದವು ಎಂಬುದು ಇಂಥ ನೂರಾರು ಸಣ್ಣ ಟಿಪ್ಪಣಿಗಳಿಂದಲೇ ತಿಳಿಯಬೇಕು. ನೀವು ಬೆಳಗಿನ ಆರು ಗಂಟೆ ಎಂದು ಬರೆದದ್ದು ಓದಿ ನೆನಪಾಯಿತು: ನಸುಕಿನಲ್ಲೂ ಮುಸ್ಸಂಜೆಯಲ್ಲೂ ಎರಡು ಸ್ವರದ ಸಿಳ್ಳೆ ಹಾಕುವ ಈ ಹಕ್ಕಿಯನ್ನು ತಮಿಳಿನಲ್ಲಿ 'ಆರು ಗಂಟೆಯ ಹಕ್ಕಿ' ಎಂಬ ಅರ್ಥದ ಹೆಸರಿನಿಂದ ಕರೆಯುತ್ತಾರೆ.

ಪ್ರಶ್ನೆ: ನಮ್ಮ ಅಡಿಕೆ ತೋಟದಲ್ಲಿ ಹಕ್ಕಿಯ ದನಿ ಕೇಳಿ ಹೆಸರು ಹೇಳುವ ಆ್ಯಪ್ ಹಾಕಿ ನಿಂತಿದ್ದೆ. ಐದು ನಿಮಿಷದಲ್ಲಿ ಹನ್ನೊಂದು ಹೆಸರು ಬಂದವು. ಅದರಲ್ಲಿ ಬಿಜ್ಜು, ಪನ್ನಗಾರಿ ಅಲ್ಲದೆ ಹಿಮಾಲಯದ ಹಕ್ಕಿಯೊಂದೂ ಇತ್ತು. ಆದರೆ ಮರದ ಮೇಲೆ ಕಂಡದ್ದು ಒಂದೇ ಹಕ್ಕಿ, ಬಾಲಕ್ಕೆ ಎರಡು ಉದ್ದನೆಯ ತಂತಿ ಕಟ್ಟಿಕೊಂಡ ಕರಿಯ ಹಕ್ಕಿ. ಹನ್ನೊಂದನ್ನೂ ಪಟ್ಟಿಗೆ ಸೇರಿಸಬಹುದೇ?
– ಕೃಷಿಕ, ಶಿರಸಿ

ಉತ್ತರ: ನೀವು ಕಂಡ ಆ ಒಂದು ಹಕ್ಕಿಯೇ ಹನ್ನೊಂದರಲ್ಲಿ ಹಲವು ಆಗಿರಬೇಕು. ಅದು ಭೀಮರಾಜ. ಬಿಜ್ಜು, ಪನ್ನಗಾರಿಗಳಂಥ ಬೇಟೆಹಕ್ಕಿಗಳ ಕೂಗನ್ನು ಅದು ಎಷ್ಟು ಚೆನ್ನಾಗಿ ಅನುಕರಿಸುತ್ತದೆಂದರೆ, ಮಲೆನಾಡಿನಲ್ಲಿ ಹುಟ್ಟಿ ಬೆಳೆದವರೂ ಒಮ್ಮೆ ತಲೆಯೆತ್ತಿ ಆಕಾಶ ನೋಡುತ್ತಾರೆ. ಆ್ಯಪ್ ಕೇಳುವುದು ದನಿಯನ್ನು ಮಾತ್ರ, ದನಿ ಯಾರ ಗಂಟಲಿನಿಂದ ಬಂತು ಎಂಬುದನ್ನಲ್ಲ. ಅದು ಕೊಡುವ ಹೆಸರನ್ನು ಸುಳಿವೆಂದು ತಿಳಿದು ಹಕ್ಕಿಯನ್ನು ಹುಡುಕಿ. ಕಂಡದ್ದನ್ನು, ಅಥವಾ ನಿಮ್ಮ ಕಿವಿಗೇ ಖಚಿತವಾಗಿ ಗೊತ್ತಿರುವ ದನಿಯನ್ನು ಮಾತ್ರ ಪಟ್ಟಿಗೆ ಸೇರಿಸಿ. ದನಿಮುದ್ರಣವನ್ನು ಮಾತ್ರ ಅಳಿಸಬೇಡಿ. ಹಿಮಾಲಯದ ಹಕ್ಕಿಯೆಂದು ಆ್ಯಪ್ ಹೇಳಿದ ಕೂಗು ಯಾವುದೆಂದು ಬಲ್ಲವರು ಮುಂದೆಂದಾದರೂ ಕೇಳಿ ಹೇಳಬಹುದು.

ಪ್ರಶ್ನೆ: ನಮ್ಮೂರ ಕೆರೆಗೆ ಬರುವ ಹೆಬ್ಬಾತುಗಳಲ್ಲಿ ಒಂದರ ಕುತ್ತಿಗೆಗೆ ಹಸಿರು ಕೊಳವೆಯಂಥದ್ದು ಸಿಕ್ಕಿಕೊಂಡಿದೆ. ಪ್ಲಾಸ್ಟಿಕ್ ಪೈಪಿನ ತುಂಡೆಂದು ಹುಡುಗರು ಹಿಡಿದು ಬಿಡಿಸಬೇಕೆಂದಿದ್ದಾರೆ. ಏನು ಮಾಡಬೇಕು?
– ನಿವೃತ್ತ ಗ್ರಾಮಲೆಕ್ಕಿಗ, ನಂಜನಗೂಡು ತಾಲ್ಲೂಕು

ಉತ್ತರ: ದಯವಿಟ್ಟು ಹುಡುಗರನ್ನು ತಡೆಯಿರಿ. ಅದು ಸಿಕ್ಕಿಕೊಂಡದ್ದಲ್ಲ, ತೊಡಿಸಿದ್ದು. ನಿಮ್ಮ ಕೆರೆಗೆ ಬರುವುದು ಪಟ್ಟೆತಲೆ ಹೆಬ್ಬಾತು. ಬಿಳಿಯ ತಲೆಯ ಹಿಂಭಾಗದಲ್ಲಿ ಎರಡು ಕರಿಯ ಅಡ್ಡಪಟ್ಟೆಗಳಿರುವುದರಿಂದ ಆ ಹೆಸರು. ಮಂಗೋಲಿಯಾ, ಟಿಬೆಟ್ ಮೊದಲಾದ ಎತ್ತರದ ಸೀಮೆಗಳ ಸರೋವರಗಳಲ್ಲಿ ಮರಿಮಾಡಿ, ಹಿಮಾಲಯವನ್ನು ದಾಟಿ, ಚಳಿಗಾಲಕ್ಕೆ ನಮ್ಮ ಕಡೆಗೆ ಬರುತ್ತವೆ. ಉಪಗ್ರಹ ಸಾಧನ ಕಟ್ಟಿದ ಹೆಬ್ಬಾತೊಂದು 7,000 ಮೀಟರಿಗೂ ಮೇಲೆ ಹಾರಿದ್ದು ದಾಖಲಾಗಿದೆ. ಗದಗ ಜಿಲ್ಲೆಯ ಮಾಗಡಿ ಕೆರೆ ಅವುಗಳ ಹೆಸರಾಂತ ತಂಗುದಾಣ. ಆ ಕೆರೆ 2024ರಲ್ಲಿ, ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ನಿಮ್ಮ ತಾಲ್ಲೂಕಿನ ಹದಿನಾರು ಕೆರೆಯೂ ಹಕ್ಕಿ ನೋಡುವವರಿಗೆಲ್ಲ ಪರಿಚಿತ.

ಮಂಗೋಲಿಯಾದಲ್ಲಿ ಹಕ್ಕಿಗಳ ಅಧ್ಯಯನ ಮಾಡುವವರು ಗರಿ ಉದುರಿ ಹಾರಲಾಗದ ದಿನಗಳಲ್ಲಿ ಈ ಹೆಬ್ಬಾತುಗಳನ್ನು ಹಿಡಿದು, ಅಕ್ಷರ ಮತ್ತು ಅಂಕಿಗಳನ್ನು ಬರೆದ ಹಗುರವಾದ ಹಸಿರು ಪಟ್ಟಿಯನ್ನು ಕುತ್ತಿಗೆಗೆ ತೊಡಿಸುತ್ತಾರೆ. ಮೈಸೂರಿನ ಆಸುಪಾಸಿನ ಕೆರೆಗಳಲ್ಲಿ ಇಂಥ ಪಟ್ಟಿಯ ಹಕ್ಕಿಗಳು ಹಿಂದೆಯೂ ಕಂಡಿವೆ. ನಿಮ್ಮಿಂದ ಆಗಬೇಕಾದದ್ದು ಆ ಬರಹವನ್ನು ಓದುವುದು. ಈ ಹೆಬ್ಬಾತುಗಳು ರಾತ್ರಿ ಹೊಲಗಳಲ್ಲಿ ಮೇದು ಹಗಲು ಕೆರೆಯಲ್ಲಿ ವಿಶ್ರಮಿಸುವುದರಿಂದ, ಸೂರ್ಯ ನಿಮ್ಮ ಬೆನ್ನ ಹಿಂದಿರುವ ಹೊತ್ತಿಗೆ ಏರಿಯ ಮೇಲೆ ಒಂದೇ ಕಡೆ ಕುಳಿತು ಕಾಯಿರಿ. ದೂರದರ್ಶಕವಿದ್ದವರನ್ನು ಕರೆದುಕೊಳ್ಳಿ. ಅಕ್ಷರ ಓದುವಾಗ 8 ಮತ್ತು 'ಬಿ', ಸೊನ್ನೆ ಮತ್ತು 'ಒ' ಅದಲುಬದಲಾಗುವುದು ಸಾಮಾನ್ಯವಾದ್ದರಿಂದ ಇಬ್ಬರು ಬೇರೆ ಬೇರೆಯಾಗಿ ಓದಿ, ಬರೆದುಕೊಂಡು, ಆಮೇಲೆ ತಾಳೆ ನೋಡಿ. ಪಟ್ಟಿಯ ಬಣ್ಣ, ಬರಹದ ಬಣ್ಣ, ಕಾಲಿನಲ್ಲಿ ಉಂಗುರವಿದೆಯೇ, ಜೊತೆಯಲ್ಲಿ ಎಷ್ಟು ಹಕ್ಕಿಗಳಿದ್ದವು ಎಂಬುದೂ ಬೇಕು. ಇದನ್ನು ಮುಂಬಯಿಯ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ತಿಳಿಸಿದರೆ ಅಲ್ಲಿಂದ ಮುಂದಕ್ಕೆ ತಲುಪುತ್ತದೆ. ನಮ್ಮ ದೇಶದಲ್ಲಿ ಹಕ್ಕಿಗಳಿಗೆ ಉಂಗುರ ತೊಡಿಸುವ ಕೆಲಸವನ್ನು ಬಹುಕಾಲದಿಂದ ನಡೆಸಿಕೊಂಡು ಬಂದಿರುವ ಸಂಸ್ಥೆ ಅದು. ಓದಿದ ಅಂಕಿ ನಮಗೂ ಕಳುಹಿಸಿ, ಹಕ್ಕಿಯ ಹಿಂದಿನ ಕಥೆ ತಿಳಿದರೆ ಈ ಪುಟದಲ್ಲೇ ಪ್ರಕಟಿಸೋಣ.

ಪ್ರಶ್ನೆ: ನಮ್ಮ ಮನೆಯ ಮುಂದೆ ಮೈಯೆಲ್ಲ ಬಿಳಿಯಾದ ಕಾಗೆ ಬರುತ್ತಿದೆ. ಶುಭವೋ ಅಶುಭವೋ ಎಂದು ಊರಿನಲ್ಲಿ ಚರ್ಚೆಯಾಗುತ್ತಿದೆ.
– ಓದುಗರು, ತುಮಕೂರು

ಉತ್ತರ: ಕಾಗೆಗೆ ಮಾತ್ರ ಸ್ವಲ್ಪ ಅಶುಭ, ಏಕೆಂದರೆ ಇತರ ಕಾಗೆಗಳು ಅದನ್ನು ಓಡಿಸುತ್ತವೆ. ಗರಿಗೆ ಬಣ್ಣ ಕೊಡುವ ಮೆಲನಿನ್ ಗರಿಗಳಿಗೆ ಸೇರದಿದ್ದಾಗ ಹೀಗಾಗುತ್ತದೆ. ಕಣ್ಣು ನೋಡಿ. ಗುಲಾಬಿ ಬಣ್ಣದ್ದಾದರೆ ಮೆಲನಿನ್ ಎಲ್ಲಿಯೂ ಇಲ್ಲದ ಆಲ್ಬಿನೋ, ಎಂದಿನ ಕಪ್ಪು ಕಣ್ಣಾದರೆ ಗರಿಗೆ ಮಾತ್ರ ಅದು ಸೇರದ ಲೂಸಿಸಂ. ಜಾತಿ ಹೊಸದಲ್ಲ, ಕಾಗೆಯೇ. ಪಟ್ಟಿಯಲ್ಲಿ ಕಾಗೆ ಎಂದೇ ಬರೆದು ಬಣ್ಣದ ಬಗ್ಗೆ ಟಿಪ್ಪಣಿ ಸೇರಿಸಿ.

ಪ್ರಶ್ನೆ: ಇಪ್ಪತ್ತು ವರ್ಷಗಳಿಂದ ಹಕ್ಕಿ ನೋಡುತ್ತಿದ್ದೇನೆ. ಕಳೆದ ಜುಲೈನಲ್ಲಿ ಊರಾಚೆಯ ಕಸದ ಬಯಲಿನ ಮೇಲೆ ಸ್ಟೆಪ್ ಗಿಡುಗವನ್ನು ಕಂಡು, ಹಕ್ಕಿ ನೋಡುಗರು ತಾವು ಕಂಡದ್ದನ್ನು ಸೇರಿಸುವ ಜಾಲತಾಣವಾದ ಇ-ಬರ್ಡ್‌ಗೆ ದಾಖಲಿಸಿದೆ. ನನ್ನ ಮೊಮ್ಮಗನ ವಯಸ್ಸಿನ ಕಾಲೇಜು ಹುಡುಗನೊಬ್ಬ ಪರಿಶೀಲಕನಂತೆ, ವಿವರ ಬೇಕು, ಚಿತ್ರವಿದೆಯೇ ಎಂದು ಕೇಳಿ ಬರೆದಿದ್ದಾನೆ. ನಾನು ಸುಳ್ಳು ಹೇಳುತ್ತೇನೆಯೇ?
– ನಿವೃತ್ತ ಬ್ಯಾಂಕ್ ನೌಕರ, ಧಾರವಾಡ

ಉತ್ತರ: ಇಲ್ಲ. ಆ ಹುಡುಗನೂ ಹಾಗೆ ಹೇಳಿಲ್ಲ. ಅಮೆರಿಕದ ಕಾರ್ನೆಲ್ ಪಕ್ಷಿವಿಜ್ಞಾನ ಪ್ರಯೋಗಾಲಯವು 2002ರಲ್ಲಿ ಆರಂಭಿಸಿದ ಇ-ಬರ್ಡ್‌ನಲ್ಲಿ ಪ್ರತಿ ಪ್ರದೇಶಕ್ಕೂ ಒಂದು ಜರಡಿಯಿದೆ. ಯಾವ ತಿಂಗಳಲ್ಲಿ ಯಾವ ಹಕ್ಕಿ ಗರಿಷ್ಠ ಎಷ್ಟು ಕಾಣಬಹುದು ಎಂಬ ಅಂದಾಜಿನ ಮೇಲೆ ಅದನ್ನು ಹೆಣೆದಿರುತ್ತಾರೆ. ನೀವು ಬರೆದ ಹೆಸರೋ ಸಂಖ್ಯೆಯೋ ಅದರ ಕಣ್ಣಿಗೆ ಸಿಕ್ಕಿಕೊಂಡರೆ, ಬರೆದವರು ಹೊಸಬರೋ ಹಳಬರೋ ಎಂದು ನೋಡದೆ, ದಾಖಲೆ ಸ್ಥಳೀಯ ಪರಿಶೀಲಕರ ಮುಂದೆ ಹೋಗುತ್ತದೆ. ಅವರೆಲ್ಲ ಸಂಬಳವಿಲ್ಲದೆ ದುಡಿಯುವ ಸ್ವಯಂಸೇವಕರು. ಒಪ್ಪಿಗೆಯಾಗದ ದಾಖಲೆಯೂ ನಿಮ್ಮ ಸ್ವಂತ ಪಟ್ಟಿಯಿಂದ ಮಾಯವಾಗುವುದಿಲ್ಲ. ಸಾರ್ವಜನಿಕ ನಕ್ಷೆಗಳಲ್ಲಿ ಕಾಣಿಸಿಕೊಳ್ಳುವುದಿಲ್ಲ, ಅಷ್ಟೇ.

ಸ್ಟೆಪ್ ಗಿಡುಗ ಮಧ್ಯ ಏಷ್ಯಾದಿಂದ ಚಳಿಗಾಲಕ್ಕೆ ಬರುವ ಹಕ್ಕಿಯಾದ್ದರಿಂದ ಜುಲೈ ಎಂಬ ತಿಂಗಳೇ ಜರಡಿಗೆ ಸಿಕ್ಕಿಬಿದ್ದಿದೆ. ನೀವು ಪತ್ರದ ಜೊತೆ ಬರೆದ ವರ್ಣನೆಯಲ್ಲಿ "ಎದೆಯ ಮೇಲೆ ತಿಳಿ ಗೀರುಗಳು, ಬಾಲ ಬೀಸಣಿಗೆಯಂತೆ ನೇರ ಅಂಚು" ಎಂದಿದೆ. ಇದನ್ನು ಓದಿದಾಗ ನನಗೆ ನನ್ನದೇ ಹಳೆಯ ಪೇಚು ನೆನಪಾಯಿತು. ಹಕ್ಕಿ ನೋಡುವ ಹುಚ್ಚು ಹಿಡಿದ ಮೂರನೆಯ ವರ್ಷ, ಇಂಥದ್ದೇ ಕಸದ ಬಯಲಿನಲ್ಲಿ, ತಿಳಿ ಗೀರುಗಳ ದೊಡ್ಡ ಗಿಡುಗವೊಂದನ್ನು ಕಂಡು ಆರು ಮಂದಿಯನ್ನು ಬಸ್ಸು ಹತ್ತಿಸಿ ಕರೆದುಕೊಂಡು ಹೋದೆ. ಎಲ್ಲರೂ ನೋಡುತ್ತಿರುವಾಗಲೇ ನನ್ನ 'ಗಿಡುಗ' ಗಾಳಿಯಲ್ಲಿ ತಿರುಗಿ, ಬಾಲವನ್ನು ಮುಚ್ಚಿತು. ಬಾಲದ ನಡುವೆ ಸ್ಪಷ್ಟವಾದ ಕವಲು. ಊರಿನ ಸಾಮಾನ್ಯ ಕರಿಹದ್ದು, ಆ ವರ್ಷ ಗೂಡು ಬಿಟ್ಟ ಮರಿ! ಹದ್ದಿನ ಮರಿಗೆ ಮೈಮೇಲೆ ತಿಳಿ ಗೀರುಗಳಿರುತ್ತವೆ, ಬಾಲವನ್ನು ಪೂರ್ತಿ ಬಿಚ್ಚಿದಾಗ ಕವಲು ಕಾಣುವುದೇ ಇಲ್ಲ. ಅಂದು ಯಾರೂ ನಗಲಿಲ್ಲ. ಹಿಂದಿರುಗುವಾಗ ಬಸ್ಸಿನಲ್ಲಿ ಒಬ್ಬರು ನನಗೆ ಕಡಲೆಕಾಯಿ ಕೊಡಿಸಿದರು, ಅದು ನಗೆಗಿಂತ ಹೆಚ್ಚು ನಾಟಿತು.

ನಿಮ್ಮದೂ ಹದ್ದೇ ಎಂದು ನಾನು ತೀರ್ಪು ಕೊಡುತ್ತಿಲ್ಲ. ನಾನು ಕಂಡವನಲ್ಲ. ಬಾಲ ಮುಚ್ಚಿದಾಗ ಹೇಗಿತ್ತು, ರೆಕ್ಕೆಯ ಅಡಿಯಲ್ಲಿ ಉದ್ದಕ್ಕೆ ಬಿಳಿಯ ಪಟ್ಟೆಯಿತ್ತೇ, ಪಕ್ಕದಲ್ಲಿ ಹದ್ದುಗಳಿದ್ದರೆ ಅವುಗಳಿಗಿಂತ ಎಷ್ಟು ದೊಡ್ಡದಾಗಿ ಕಂಡಿತು ಎಂಬ ಮೂರನ್ನು ಆ ಹುಡುಗನಿಗೆ ಬರೆಯಿರಿ. ನೆನಪಿಲ್ಲದಿದ್ದರೆ ನೆನಪಿಲ್ಲ ಎಂದೇ ಬರೆಯಿರಿ. 'ಯಾವುದೋ ಬೇಟೆಹಕ್ಕಿ' ಎಂದು ದಾಖಲೆಯನ್ನು ಬದಲಿಸಿಕೊಳ್ಳಲೂ ಅವಕಾಶವಿದೆ, ಅದರಲ್ಲಿ ಅವಮಾನವೇನೂ ಇಲ್ಲ. ಬೆಂಗಳೂರಿನ ಲಾಲ್‌ಬಾಗಿನಲ್ಲಿ ತಿಂಗಳ ಎರಡನೆಯ ಭಾನುವಾರ ಹಕ್ಕಿ ನೋಡಲು ಕೂಡುವ ಪದ್ಧತಿ ಹಲವು ದಶಕಗಳದು. ಅಲ್ಲಿ ನಾನು ಕಂಡ ಹಿರಿಯರು ದಿನಕ್ಕೆ ಎರಡು ಮೂರು ಹಕ್ಕಿಗಳನ್ನು 'ಗೊತ್ತಾಗಲಿಲ್ಲ' ಎಂದು ಬಿಟ್ಟುಬಿಡುತ್ತಿದ್ದರು.

ಪ್ರಶ್ನೆ: ಆಗಸ್ಟ್‌ನ ಬಿರುಗಾಳಿಯ ಮರುದಿನ ಕಡಲತೀರದಲ್ಲಿ ಬಾತಿಗಿಂತ ದೊಡ್ಡದಾದ ಬಿಳಿಯ ಹಕ್ಕಿ ಕುಳಿತಿತ್ತು. ರೆಕ್ಕೆಯ ಅಂಚು ಕಪ್ಪು, ಮುಖವೂ ಕಪ್ಪು, ಕೊಕ್ಕು ಹಳದಿ ಮತ್ತು ಚೂಪು. ಹತ್ತಿರ ಹೋದರೂ ಹಾರಲಿಲ್ಲ. ಮತ್ತೆ ಮತ್ತೆ ನೀರಿಗೆ ಬಿಟ್ಟೆವು, ಅಲೆ ಅದನ್ನು ಮರಳಿ ತಂದು ಹಾಕಿತು. ಮರುದಿನ ಸತ್ತಿತು. ಅದು ಯಾವ ಹಕ್ಕಿ? ನಾವು ತಪ್ಪು ಮಾಡಿದೆವೇ?
– ಮೀನುಗಾರರ ಕುಟುಂಬದ ವಿದ್ಯಾರ್ಥಿ, ಉಡುಪಿ ಜಿಲ್ಲೆ

ಉತ್ತರ: ವರ್ಣನೆ ಮಾಸ್ಕ್ಡ್ ಬೂಬಿ ಎಂಬ ಸಾಗರದ ಹಕ್ಕಿಗೆ ಹೊಂದುತ್ತದೆ. ರೆಕ್ಕೆ ಚಾಚಿದರೆ ಸುಮಾರು ಒಂದೂವರೆ ಮೀಟರ್ ಅಗಲ. ನಡುಗಡಲಿನಲ್ಲೇ ಬದುಕಿ, ದೂರದ ದ್ವೀಪಗಳಲ್ಲಿ ಗೂಡು ಮಾಡುವ ಇಂಥ ಹಕ್ಕಿಗಳನ್ನು ಮುಂಗಾರಿನ ಗಾಳಿ ದಣಿಸಿ ನಮ್ಮ ದಡಕ್ಕೆ ತಂದೆಸೆಯುತ್ತದೆ. ಬೇರೆ ಋತುವಿನಲ್ಲಿ ದೋಣಿಯೇರಿ ಹಲವು ಮೈಲಿ ಹೋದರೂ ಕಾಣದ ಹಕ್ಕಿಗಳು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೀರದಲ್ಲೇ ಸಿಗುವುದು ಇದೇ ಕಾರಣಕ್ಕೆ. ಗುರುತನ್ನು ಖಚಿತಪಡಿಸುವ ಒಂದು ಸುಲಭ ಉಪಾಯವೆಂದರೆ ಪಾದ ನೋಡುವುದು. ಬಾತುಗಳಲ್ಲಿ ಮುಂದಿನ ಮೂರು ಬೆರಳುಗಳ ನಡುವೆ ಮಾತ್ರ ಚರ್ಮದ ಪೊರೆಯಿರುತ್ತದೆ. ಬೂಬಿಗಳಲ್ಲಿ ನಾಲ್ಕನೆಯ ಬೆರಳೂ ಅದೇ ಪೊರೆಯೊಳಗೆ ಸೇರಿರುತ್ತದೆ.

ನೀವು ಮಾಡಿದ್ದು ಒಳ್ಳೆಯ ಮನಸ್ಸಿನಿಂದಲೇ, ಆದರೆ ದಡಕ್ಕೆ ಬಂದ ಕಡಲಹಕ್ಕಿಯನ್ನು ನೀರಿಗೆ ದೂಡಬಾರದು. ಹಾರುವ ಶಕ್ತಿ ಉಳಿದಿಲ್ಲವೆಂದೇ ಅದು ದಡದಲ್ಲಿ ಕುಳಿತಿರುತ್ತದೆ. ಮುಂದೆ ಸಿಕ್ಕಾಗ ಟವೆಲ್ ಹೊದಿಸಿ ಹಿಡಿಯಿರಿ, ನಿಮ್ಮ ಕಣ್ಣಿನಿಂದ ದೂರವಿರಲಿ, ಕೊಕ್ಕಿನ ತಿವಿತ ಬಲವಾದದ್ದು. ಹಾಗೆಂದು ಕೊಕ್ಕಿಗೆ ದಾರ ಸುತ್ತಬೇಡಿ. ಬೂಬಿಗೆ ಹೊರಗೆ ತೆರೆದ ಮೂಗಿನ ಹೊಳ್ಳೆಗಳಿಲ್ಲ, ಅದು ಉಸಿರಾಡುವುದು ಬಾಯಿಯಿಂದ. ಬಾಯಿ ಕಟ್ಟಿದರೆ ಉಸಿರು ಕಟ್ಟುತ್ತದೆ. ನೆರಳಿನಲ್ಲಿಟ್ಟು, ಮೀನು ತುರುಕದೆ, ಅರಣ್ಯ ಇಲಾಖೆಯವರಿಗೆ ತಿಳಿಸಿ. ಸತ್ತ ಹಕ್ಕಿಯೂ ಒಂದು ದಾಖಲೆಯೇ. ಬರಿಗೈಯಲ್ಲಿ ಮುಟ್ಟದೆ, ಪಕ್ಕದಲ್ಲಿ ಸ್ಕೇಲ್ ಇಟ್ಟು, ಕೊಕ್ಕು, ಪಾದ, ಬಿಚ್ಚಿದ ರೆಕ್ಕೆಯ ಮೇಲ್ಭಾಗ ಮತ್ತು ಅಡಿಭಾಗ ಇಷ್ಟರ ಚಿತ್ರ ತೆಗೆಯಿರಿ. ನಿಮ್ಮ ತಂದೆಯವರು ಮತ್ತು ಅವರ ಜೊತೆಗಾರರು ಕಡಲಿನಲ್ಲಿ ಇದನ್ನು ಯಾವ ಹೆಸರಿನಿಂದ ಕರೆಯುತ್ತಾರೆ? ಕೇಳಿ ಬರೆದು ತಿಳಿಸಿದರೆ ಉಪಕಾರವಾಗುತ್ತದೆ.

ಪ್ರಶ್ನೆ: ಬಂಡೆಗುಡ್ಡವೊಂದರಲ್ಲಿ ಕೊಂಬಿನ ಗೂಬೆ ಮೊಟ್ಟೆಯಿಟ್ಟಿರುವುದನ್ನು ಕಂಡೆ. ಬಳಗದಲ್ಲಿ ಹೇಳಿದ ಕೂಡಲೇ ಬೇರೆ ಜಿಲ್ಲೆಗಳಿಂದಲೂ ಛಾಯಾಗ್ರಾಹಕರು ಜಾಗ ಕೇಳುತ್ತಿದ್ದಾರೆ. ಹೇಳದಿದ್ದರೆ ಸ್ವಾರ್ಥಿ ಎನ್ನುತ್ತಾರೆ.
– ಯುವ ಓದುಗ, ಗಂಗಾವತಿ

ಉತ್ತರ: ಎನ್ನಲಿ. ಈ ಗೂಬೆ ಗೂಡು ಕಟ್ಟುವುದಿಲ್ಲ, ಬಂಡೆಯ ಚಾಚಿನ ಮೇಲೆ ಬರಿಯ ನೆಲದಲ್ಲಿ ಮೊಟ್ಟೆಯಿಡುತ್ತದೆ. ಜನ ಹತ್ತಿರ ಬಂದರೆ ತಾಯಿ ಏಳುತ್ತದೆ, ಬಿಸಿಲಿಗೆ ಕಾದ ಬಂಡೆಯ ಮೇಲೆ ಮೊಟ್ಟೆ ಬಯಲಾಗುತ್ತದೆ, ಕಾಗೆಗಳು ನೋಡುತ್ತಲೇ ಇರುತ್ತವೆ. ಇದರ ಮೇಲೆ ಮಾಟಮಂತ್ರಕ್ಕೆಂದು, ಅದರಲ್ಲೂ ದೀಪಾವಳಿಯ ಆಸುಪಾಸಿನಲ್ಲಿ, ಗೂಬೆಗಳನ್ನು ಹಿಡಿದು ಮಾರುವ ದಂಧೆ ದೇಶದಲ್ಲಿ ಇನ್ನೂ ನಿಂತಿಲ್ಲ. ಬಳಗದಲ್ಲಿ ಹಾಕಿದ ಜಾಗದ ಗುರುತು ಯಾರ ಕೈ ಸೇರುತ್ತದೆಂದು ಹಾಕಿದವರಿಗೆ ತಿಳಿಯುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ 'ಬೇಟೆ' ಎಂಬ ಪದದ ಅರ್ಥದೊಳಗೆ ಕಾಡುಹಕ್ಕಿಗಳ ಮೊಟ್ಟೆ ಮತ್ತು ಗೂಡುಗಳಿಗೆ ತೊಂದರೆ ಕೊಡುವುದೂ ಸೇರಿದೆ ಎಂಬುದನ್ನು ಜಾಗ ಕೇಳಿದವರಿಗೆ ನೆನಪಿಸಿ.

ಎಲ್ಲವನ್ನೂ ಮುಚ್ಚಿಡಬೇಕೆಂದು ಇದರ ಅರ್ಥವಲ್ಲ. ಕೆರೆಗೆ ಇಳಿದ ವಲಸೆಹಕ್ಕಿಯ ಸುದ್ದಿಯನ್ನು ಅಂದೇ ಹೇಳಿ, ಹತ್ತು ಮಂದಿ ಏರಿಯ ಮೇಲೆ ನಿಂತು ನೋಡಿದರೆ ಅದಕ್ಕೇನೂ ನಷ್ಟವಿಲ್ಲ, ಗುರುತೂ ಗಟ್ಟಿಯಾಗುತ್ತದೆ. ಗೂಡು, ಹಗಲು ಮಲಗುವ ಗೂಬೆ, ಅಳಿವಿನಂಚಿನ ಹಕ್ಕಿ ಇವುಗಳ ವಿಷಯದಲ್ಲಿ ತಾಲ್ಲೂಕಿನ ಹೆಸರಷ್ಟೇ ಸಾಕು, ಅದೂ ಮರಿಗಳು ಹಾರಿಹೋದ ಮೇಲೆ. ಇ-ಬರ್ಡ್ ಕೂಡ ಕೆಲವು ಸೂಕ್ಷ್ಮ ಜಾತಿಗಳ ನಿಖರ ಜಾಗವನ್ನು ತಾನಾಗಿಯೇ ಮರೆಮಾಡುತ್ತದೆ. ನೀವು ದೂರದಿಂದ ನೋಡಿ ತಾರೀಖುಗಳನ್ನು ಬರೆದಿಡಿ.

ಪ್ರಶ್ನೆ: ರೈಲ್ವೆಯಲ್ಲಿದ್ದ ನನ್ನ ತಂದೆ 1970 ಮತ್ತು 80ರ ದಶಕಗಳಲ್ಲಿ ಬಳ್ಳಾರಿಯ ಕಡೆ ಕೆಲಸ ಮಾಡುವಾಗ ಕಂಡ ಹಕ್ಕಿಗಳನ್ನು ನಾಲ್ಕು ನೋಟ್‌ಬುಕ್ಕುಗಳಲ್ಲಿ ಬರೆದಿಟ್ಟಿದ್ದಾರೆ. "ಎರೆಭೂತ 2, ಸಿರುಗುಪ್ಪ ರಸ್ತೆ", "ಗುಬ್ಬಿ, ಲೆಕ್ಕವಿಲ್ಲ" ಎಂಬಂಥ ಬರಹಗಳು. ಚಿತ್ರಗಳಿಲ್ಲ. ಇವುಗಳಿಗೆ ಈಗ ಬೆಲೆಯಿದೆಯೇ?
– ಓದುಗರು, ಹುಬ್ಬಳ್ಳಿ

ಉತ್ತರ: ಈ ತಿಂಗಳು ಬಂದ ಪತ್ರಗಳಲ್ಲಿ ನಾನು ಮೂರು ಸಲ ಓದಿದ್ದು ಇದೊಂದನ್ನೇ. ಎರೆಭೂತವೆಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್. ಎರೆಯ ಹೊಲಗಳಲ್ಲಿ ಸುಮಾರು ಒಂದು ಮೀಟರ್ ಎತ್ತರಕ್ಕೆ ನಿಂತು ನಡೆಯುತ್ತಿದ್ದ ಆ ಹಕ್ಕಿ ಇಂದು ಕರ್ನಾಟಕದಲ್ಲಿ ಸಿರುಗುಪ್ಪದ ಸುತ್ತ ಬೆರಳೆಣಿಕೆಯಷ್ಟು ಮಾತ್ರ ಉಳಿದಿದೆ. ನಿಮ್ಮ ತಂದೆಯವರ ಒಂದು ಸಾಲು, ತಾರೀಖು ಮತ್ತು ಜಾಗ ಸಹಿತವಾಗಿದ್ದರೆ, ಚಿತ್ರವಿಲ್ಲದಿದ್ದರೂ ಅಮೂಲ್ಯ. ಲೆಕ್ಕವಿಲ್ಲದಷ್ಟಿದ್ದ ಗುಬ್ಬಿಯ ಸಾಲೂ ನನಗೆ ಅಷ್ಟೇ ಮುಖ್ಯವೆನಿಸುತ್ತದೆ, ಏಕೆಂದರೆ ಸಾಮಾನ್ಯ ಹಕ್ಕಿಯನ್ನು ಆ ಕಾಲದಲ್ಲಿ ಬರೆದಿಟ್ಟವರು ತೀರ ಕಡಿಮೆ.

ಮೊದಲು ಪ್ರತಿ ಪುಟದ ಚಿತ್ರ ತೆಗೆಯಿರಿ, ರಟ್ಟು ಮತ್ತು ಖಾಲಿ ಪುಟಗಳನ್ನೂ ಬಿಡಬೇಡಿ. ಆಮೇಲೆ ಬರೆದಿರುವಂತೆಯೇ ನಕಲು ಮಾಡಿ. ಹೆಸರು ತಪ್ಪೆನಿಸಿದರೂ ತಿದ್ದದೆ, ನಿಮ್ಮ ಅಭಿಪ್ರಾಯವನ್ನು ಪಕ್ಕದಲ್ಲಿ ಬೇರೆಯಾಗಿ ಬರೆಯಿರಿ. ಇ-ಬರ್ಡ್ ಹಳೆಯ ತಾರೀಖಿನ ಪಟ್ಟಿಗಳನ್ನೂ ಸ್ವೀಕರಿಸುತ್ತದೆ. ನೀವು ಲಕೋಟೆಯಲ್ಲಿ ಕಳುಹಿಸಿದ ಪುಟದಲ್ಲಿ "ಹಳೇ ಬಂಗ್ಲೆ ಹಿಂದಿನ ಹಳ್ಳ" ಎಂದು ಏಳು ಕಡೆ ಇದೆ, ಊರಿನ ಹೆಸರಿಲ್ಲ. ತಂದೆಯವರು ನಿಮ್ಮೊಡನಿದ್ದರೆ, ಈ ವಾರವೇ ನಕ್ಷೆಯೊಂದನ್ನು ಮುಂದಿಟ್ಟುಕೊಂಡು ಆ ಹಳ್ಳ ಯಾವ ನಿಲ್ದಾಣದ ಹತ್ತಿರದ್ದು ಎಂದು ಕೇಳಿ.